ನಿಮ್ಮ ಲೇಖನದಲ್ಲಿ ಸೇತುವೆ ಇದೆ, ನದಿ ಇಲ್ಲ

ಪ್ರಿಯ ಲೇಖಕರೇ,

‘ಪ್ರೀತಿಯ ಹಿಂದಿನ ವಿಜ್ಞಾನ’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಯಿತು, ಕ್ಷಮಿಸಿ. ಈಗಿರುವ ರೂಪದಲ್ಲಿ ಅದನ್ನು ಪುರವಣಿಗೆ ತೆಗೆದುಕೊಳ್ಳಲಾರೆ. ‘ಸ್ಥಳಾವಕಾಶದ ಕೊರತೆಯಿಂದ’ ಎಂಬ ನಮ್ಮ ಹಳೆಯ ಸುಳ್ಳನ್ನು ಬರೆದು ಕೈತೊಳೆದುಕೊಳ್ಳಬಹುದಿತ್ತು. ಒಂಬತ್ತನೆಯ ಪುಟದ ಎರಡು ಸಾಲು ಹಾಗೆ ಮಾಡಗೊಡಲಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

“ಪ್ರೀತಿ ಎಂಬುದು ಎರಡಕ್ಷರದ ಮಾಯೆ” ಎಂದು ಆರಂಭಿಸಿದ್ದೀರಿ. ಈ ವರ್ಷ ನನ್ನ ಮೇಜಿಗೆ ಬಂದ ಎರಡಕ್ಷರದ ಮಾಯೆಗಳಲ್ಲಿ ಇದು ಐದನೆಯದು. ಅನಾದಿಕಾಲದಿಂದ ಕವಿಗಳು, ದಾರ್ಶನಿಕರು ಎಂದು ಸಾಗುವ ಮೊದಲ ಪುಟವನ್ನು ಪೂರ್ತಿ ತೆಗೆದುಬಿಡಿ. ಯಾರೂ ಹುಡುಕುವುದಿಲ್ಲ.

ನನ್ನ ನಿಜವಾದ ತಕರಾರು ಎರಡನೆಯ ಪುಟದಿಂದ ಶುರು. “ಕೆನಡಾದ ಒಂದು ಪ್ರಯೋಗದ ಪ್ರಕಾರ ಭಯವಾದಾಗ ಪ್ರೀತಿ ಹುಟ್ಟುತ್ತದೆ” ಎಂದು ಒಂದೇ ವಾಕ್ಯದಲ್ಲಿ ಮುಗಿಸಿ, ಮೆಚ್ಚಿದ ಹುಡುಗಿಯನ್ನು ಜಾತ್ರೆಯ ತಿರುಗುವ ತೊಟ್ಟಿಲಿಗೆ ಕರೆದೊಯ್ಯಿರಿ ಎಂದು ಹುಡುಗರಿಗೆ ಸಲಹೆಯನ್ನೂ ಕೊಟ್ಟಿದ್ದೀರಿ. ಆ ಪ್ರಯೋಗವನ್ನು ನೀವು ಓದಿಲ್ಲ, ಅದರ ಬಗ್ಗೆ ಯಾರೋ ಬರೆದದ್ದನ್ನು ಓದಿದ್ದೀರಿ. ಮೂಲವನ್ನು ಓದಿದವರು ಆ ಪ್ರಯೋಗ ನಡೆದ ಸೇತುವೆಯನ್ನು ಇಷ್ಟು ಬೇಗ ದಾಟುವುದಿಲ್ಲ. ವ್ಯಾಂಕೂವರ್ ಪಕ್ಕದ ಕ್ಯಾಪಿಲಾನೊ ನದಿಯ ಮೇಲೆ, ತಂತಿಹಗ್ಗಕ್ಕೆ ಹಲಗೆ ಜೋಡಿಸಿದ ತೂಗುಸೇತುವೆ ಅದು. ಅಗಲ 5 ಅಡಿ, ಉದ್ದ 450 ಅಡಿ. 230 ಅಡಿ ಕೆಳಗೆ ಬಂಡೆ, ನೀರು. ಕಾಲಿಟ್ಟರೆ ಓಲಾಡುತ್ತದೆ, ಆಸರೆಗಿರುವ ತಂತಿಯೂ ತಗ್ಗಿನಲ್ಲಿದೆ. ಮನಶ್ಶಾಸ್ತ್ರಜ್ಞರಾದ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಈ ಪ್ರಯೋಗವನ್ನು 1974ರಲ್ಲಿ ಪ್ರಕಟಿಸಿದರು. ಸೇತುವೆಗೆ ಬಂದ ಗಂಡಸರನ್ನು ಒಬ್ಬ ತರುಣಿ ನಿಲ್ಲಿಸಿ, ಒಂದು ಚಿತ್ರ ತೋರಿಸಿ, ಅದಕ್ಕೊಂದು ಪುಟ್ಟ ಕಥೆ ಬರೆಸಿಕೊಳ್ಳುತ್ತಾಳೆ. ಕೊನೆಗೆ ಕಾಗದದ ಮೂಲೆಯೊಂದನ್ನು ಹರಿದು ತನ್ನ ಹೆಸರು, ಫೋನ್ ಸಂಖ್ಯೆ ಬರೆದುಕೊಡುತ್ತಾಳೆ: ಪ್ರಯೋಗದ ಬಗ್ಗೆ ತಿಳಿಯಬೇಕೆನಿಸಿದರೆ ಕರೆ ಮಾಡಿ. ಅದೇ ನದಿಯ ಮೇಲ್ಭಾಗದಲ್ಲಿ, ನೆಲದಿಂದ ಹತ್ತೇ ಅಡಿ ಎತ್ತರದ ಗಟ್ಟಿಮುಟ್ಟಾದ ಮರದ ಸೇತುವೆಯ ಮೇಲೂ ಇದೇ ನಾಟಕ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿಯಿದೆ. ಕರೆ ಮಾಡಿದವನು ಯಾವ ಸೇತುವೆಯವನೆಂದು ತಿಳಿಯಬೇಕಲ್ಲ? ಅದಕ್ಕಾಗಿ ಆಕೆ ತೂಗುಸೇತುವೆಯ ಮೇಲೆ ತನ್ನ ಹೆಸರು ಗ್ಲೋರಿಯಾ ಎಂದಳು, ಮರದ ಸೇತುವೆಯ ಮೇಲೆ ಡೋನಾ ಎಂದಳು. ಚೀಟಿ ಪಡೆದ 18 ಜನರಲ್ಲಿ 9 ಮಂದಿ ಗ್ಲೋರಿಯಾಳನ್ನು ಕೇಳಿದರು. 16ರಲ್ಲಿ ಇಬ್ಬರು ಮಾತ್ರ ಡೋನಾಳನ್ನು. ಇಂಥದ್ದೊಂದು ವಿವರ ಕೈಯಲ್ಲಿದ್ದರೆ ಓದುಗನನ್ನು ಹಿಡಿದಿಡಲು ಬೇರೆ ಮಾಯೆ ಬೇಕಿಲ್ಲ.

ಇನ್ನು ಅದರ ಅರ್ಥ. ಭಯದಿಂದ ಪ್ರೀತಿ ಹುಟ್ಟಿತು ಎಂದು ಅವರು ಹೇಳಲಿಲ್ಲ. ಎದೆ ಹೊಡೆದುಕೊಳ್ಳುತ್ತಿದೆ, ಕಾರಣವೇನೆಂದು ಮನಸ್ಸು ಹುಡುಕುತ್ತದೆ, ಎದುರಿಗೆ ನಿಂತವಳು ಕಾರಣವಾಗಿಬಿಡುತ್ತಾಳೆ: ಇದು ಅವರ ಊಹೆ. ತೂಗುಸೇತುವೆ ದಾಟುವವರೇ ಹುಟ್ಟಾ ಧೈರ್ಯಶಾಲಿಗಳಿರಬಹುದಲ್ಲವೇ ಎಂಬ ಆಕ್ಷೇಪ ಅವರಿಗೂ ಹೊಳೆದಿತ್ತು. ಹಾಗಾಗಿ ಅದೇ ಸೇತುವೆ ದಾಟಿ, ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಸುಧಾರಿಸಿಕೊಂಡವರನ್ನೂ ಮಾತನಾಡಿಸಿದರು. ಅವರಲ್ಲಿ ಕರೆ ಮಾಡಿದವರ ಪ್ರಮಾಣ ಕಡಿಮೆಯಿತ್ತು. ನಿಮ್ಮ ತೊಟ್ಟಿಲಿನ ಸಲಹೆಗೆ ಉತ್ತರವೂ ಸಿಕ್ಕಿದೆ. 1981ರಲ್ಲಿ ಗ್ರೆಗರಿ ವೈಟ್ ಮತ್ತು ಸಂಗಡಿಗರು ಹುಡುಗರನ್ನು ನಿಂತಲ್ಲೇ ಓಡಿಸಿ, ಒಬ್ಬಳು ಹುಡುಗಿಯ ವಿಡಿಯೊ ತೋರಿಸಿದರು. ಹುಡುಗಿ ಚೆಲುವೆಯಾಗಿ ಕಂಡರೆ, ಏದುಸಿರಿನವರಿಗೆ ಇನ್ನಷ್ಟು ಚೆಲುವೆ. ಸಾಧಾರಣವಾಗಿ ಕಂಡರೆ, ದಣಿಯದವರಿಗೆ ಕಂಡದ್ದಕ್ಕಿಂತಲೂ ಕಡೆ. ತೊಟ್ಟಿಲು ಹತ್ತಿಸುವ ನಿಮ್ಮ ಓದುಗನನ್ನು ಹುಡುಗಿ ಯಾವ ಸಾಲಿಗೆ ಸೇರಿಸಿದ್ದಾಳೋ ಯಾರಿಗೆ ಗೊತ್ತು?

ಹತ್ತಿರ ಇದ್ದವರೇ ಆಪ್ತರಾಗುತ್ತಾರೆ ಎನ್ನುವುದಕ್ಕೆ ‘ಪ್ರಾಪಿಂಕ್ವಿಟಿ ಎಫೆಕ್ಟ್’ ಎಂದು ನಾಲ್ಕು ಕಡೆ ಬರೆದಿದ್ದೀರಿ. ಕನ್ನಡದಲ್ಲಿ ನೆರೆ ಎಂಬ ಒಳ್ಳೆಯ ಪದವಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಸತಿಯಲ್ಲಿ ಲಿಯಾನ್ ಫೆಸ್ಟಿಂಗರ್ ತಂಡ ಮಾಡಿದ ಅಧ್ಯಯನದ ಬಗ್ಗೆ ನೀವು ಬರೆದದ್ದು ತಪ್ಪಿಲ್ಲ. ಪಕ್ಕದ ಮನೆಯವರನ್ನು 41 ಶೇಕಡಾ, ಅದೇ ಪಡಸಾಲೆಯ ಆ ತುದಿಯವರನ್ನು ಬರೀ 10 ಶೇಕಡಾ ಜನ ಆಪ್ತರೆಂದು ಹೆಸರಿಸಿದರು. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರು. ಆದರೆ ಅರ್ಧ ಕಥೆ ಹೇಳಿ ನಿಲ್ಲಿಸಿದ್ದೀರಿ. ನಾನು ಬೆಳೆದದ್ದು ವಠಾರದಲ್ಲಿ, ಏಳು ಮನೆಗೆ ಒಂದು ನಲ್ಲಿ. ಪಕ್ಕದ ಮನೆಯವರು ನನ್ನ ತಾಯಿಗೆ ಜೀವದ ಗೆಳತಿ. ಅದರಾಚೆಯ ಮನೆಯವರೊಡನೆ ಕೊಡ ಮುಂದೆ ಸರಿಸಿದ್ದಕ್ಕೆ ಆರು ವರ್ಷ ಮಾತಿರಲಿಲ್ಲ. 1976ರಲ್ಲಿ ಎಬ್ಬಿಸನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ವಸತಿ ಸಮುಚ್ಚಯವೊಂದರಲ್ಲಿ ಕಂಡದ್ದೂ ಇದನ್ನೇ: ಗೆಳೆಯರಂತೆ ಆಗದವರೂ ಹತ್ತಿರದಲ್ಲೇ ಇರುತ್ತಾರೆ.

ಆರನೆಯ ಪುಟಕ್ಕೆ ಬಂದಾಗ ನನಗೆ ಸಿಟ್ಟೇ ಬಂತು. “ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಹತ್ತು ವರ್ಷದ ನಂತರ ಪ್ರೀತಿ ಎರಡು ಪಟ್ಟು ಎಂದು ವಿಜ್ಞಾನ ಸಾಬೀತುಪಡಿಸಿದೆ.” ಈ ವಾಕ್ಯ ವಧೂವರರ ಕೇಂದ್ರದ ಜಾಹೀರಾತಿಗೆ ಸರಿ. ಇದರ ಮೂಲ 1982ರಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ ಪ್ರಕಟಿಸಿದ ಜೈಪುರದ ಅಧ್ಯಯನ. ಒಟ್ಟು 50 ಜೋಡಿಗಳು. ಅವರನ್ನು ಮದುವೆಯ ಬಗೆ, ಮದುವೆಯಾಗಿ ಕಳೆದ ವರ್ಷ ಎಂದು ವಿಂಗಡಿಸಿದರೆ ಒಂದೊಂದು ಗುಂಪಿಗೆ ಉಳಿಯುವುದು ಬೆರಳೆಣಿಕೆಯ ಜೋಡಿ. ಅದೇ ದಂಪತಿಗಳನ್ನು ಹತ್ತು ವರ್ಷ ಹಿಂಬಾಲಿಸಿದ್ದಲ್ಲ. ಹೊಸಬರನ್ನೂ ಹಳಬರನ್ನೂ ಒಂದೇ ಕಾಲಕ್ಕೆ ಅಳೆದದ್ದು. ಅಳೆದ ಕೋಲು ಜಿಕ್ ರೂಬಿನ್ 1970ರಲ್ಲಿ ಅಮೆರಿಕದ ಕಾಲೇಜು ಪ್ರೇಮಿಗಳಿಗಾಗಿ ಸಿದ್ಧಪಡಿಸಿದ್ದು. ‘ಅಜ್ಜನನ್ನು ಎಷ್ಟು ಪ್ರೀತಿಸುತ್ತೀ, ಅಂಕ ಕೊಡು’ ಎಂದು ನನ್ನ ಅಜ್ಜಿಯನ್ನು ಕೇಳಿದ್ದರೆ, ‘ಸಾರು ಆರುತ್ತದೆ, ಎದ್ದು ಬಾ’ ಎನ್ನುತ್ತಿದ್ದಳು. 2012ರಲ್ಲಿ ಪಮೇಲಾ ರೀಗನ್ ತಂಡ ಅಮೆರಿಕದಲ್ಲಿ ನೆಲೆಸಿದ 58 ಭಾರತೀಯರನ್ನು ಕೇಳಿದಾಗ ಎರಡು ಬಗೆಯ ಮದುವೆಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅದೂ ಸಣ್ಣ ಲೆಕ್ಕವೇ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಎಷ್ಟು ಜನರ ಮಾತು ಇದು ಎಂದು ತಿಳಿಸಿ ಸುಮ್ಮನಾಗಿ. ಮನೆಯಲ್ಲಿ ಹುಡುಗಿಗೆ ಸಂಬಂಧ ನೋಡುತ್ತಿರುವವರು ನಮ್ಮ ಪುರವಣಿ ಓದುತ್ತಾರೆ. ‘ವಿಜ್ಞಾನವೇ ಹೇಳಿದೆ’ ಎಂದು ಆಕೆಯ ಮುಂದೆ ಪುಟ ಹಿಡಿಯುತ್ತಾರೆ. ಆ ಪಾಪ ನಮಗೆ ಬೇಡ.

ಈಗ ಒಂಬತ್ತನೆಯ ಪುಟ. ನೀವು ಬರೆದದ್ದು: “ಅಪ್ಪ ರೇಡಿಯೊದ ಕಿವಿ ತಿರುಗಿಸುತ್ತಾ ‘ಮೋಡ ಕವಿಯಿತು’ ಎಂದರೆ, ಅಮ್ಮ ಒಳಗಿನಿಂದ ‘ಹಪ್ಪಳ ಎತ್ತಿಟ್ಟೆ’ ಎನ್ನುತ್ತಿದ್ದಳು. ಅವರು ಇದಕ್ಕಿಂತ ಹೆಚ್ಚು ಮಾತನಾಡಿದ್ದನ್ನು ನಾನು ಕಾಣೆ.” ಓದಿ ಕನ್ನಡಕ ತೆಗೆದಿಟ್ಟು ಕುಳಿತೆ. ಮರುಸಾಲಿನಲ್ಲೇ ನೀವು ಅದನ್ನು ಕೆಡಿಸಿದ್ದೀರಿ: “ಆ ತಲೆಮಾರಿಗೆ ಪ್ರೀತಿ ವ್ಯಕ್ತಪಡಿಸಲು ಬರುತ್ತಿರಲಿಲ್ಲ.”

ಎರಡು ಪುಟ ಹಿಂದೆ ದಾಂಪತ್ಯವನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೆಸರೆತ್ತಿದ್ದೀರಿ, ಅದೂ ವಿಚ್ಛೇದನವನ್ನು 90 ಶೇಕಡಾ ನಿಖರವಾಗಿ ಮೊದಲೇ ಹೇಳುತ್ತಾರೆ ಎನ್ನುವುದಕ್ಕೆ. ಆ ಅಂಕಿಯ ಮೇಲೆ ಗಂಭೀರ ಆಕ್ಷೇಪಗಳಿವೆ: ಫಲಿತಾಂಶ ಗೊತ್ತಾದ ಮೇಲೆ ಅದಕ್ಕೆ ಹೊಂದುವ ಸೂತ್ರ ಕಟ್ಟುವುದು ಭವಿಷ್ಯ ನುಡಿದಂತಲ್ಲ. ಅದನ್ನು ಕೈಬಿಡಿ. ಅವರ ಇನ್ನೊಂದು ಕೆಲಸ ನಿಮಗೆ ಬೇಕಿತ್ತು. ಸಿಯಾಟಲ್‌ನಲ್ಲಿ ಮನೆಯಂತೆ ಸಜ್ಜುಗೊಳಿಸಿದ ಪ್ರಯೋಗಾಲಯದಲ್ಲಿ ಹೊಸ ದಂಪತಿಗಳನ್ನು ಬಿಟ್ಟು, ಕ್ಯಾಮೆರಾ ಇಟ್ಟು, ಅವರ ಚಿಲ್ಲರೆ ಮಾತುಗಳನ್ನು ಎಣಿಸಿದರು. ಒಬ್ಬರು ಕಿಟಕಿಯಾಚೆ ನೋಡಿ ಏನೋ ಅನ್ನುತ್ತಾರೆ. ಇನ್ನೊಬ್ಬರು ಅದಕ್ಕೆ ಓಗೊಡುತ್ತಾರೆಯೇ, ಇಲ್ಲವೇ? ಆರು ವರ್ಷದ ನಂತರವೂ ಜೊತೆಗಿದ್ದವರು ಆಗ 86 ಶೇಕಡಾ ಸಲ ಓಗೊಟ್ಟಿದ್ದರು, ಬೇರೆಯಾದವರು 33 ಶೇಕಡಾ.

ಈಗ ಹಪ್ಪಳದ ಸಾಲನ್ನು ಇನ್ನೊಮ್ಮೆ ಓದಿ. ಅಪ್ಪ ಮೋಡದ ಮಾತಾಡಿದರು. ಅಮ್ಮ ಆಗಲೇ ಹಪ್ಪಳ ಎತ್ತಿಟ್ಟಾಗಿತ್ತು, ಆದರೂ ಒಳಗಿನಿಂದ ಉತ್ತರ ಕೊಟ್ಟರು. ಗಾಟ್‌ಮನ್ ಎಣಿಸುತ್ತಿದ್ದದ್ದು ಇದನ್ನೇ. ನಿಮ್ಮ ತಂದೆತಾಯಿ ಸುಖವಾಗಿದ್ದರು ಎಂದು ತೀರ್ಪು ಕೊಡುವಷ್ಟು ನಾನು ಮೂರ್ಖನಲ್ಲ. ಹಪ್ಪಳ ಒಣಗಿಸುವುದು, ಎತ್ತುವುದು ಎರಡೂ ಆಕೆಯ ಪಾಲಿಗೇ ಬಂದಿತ್ತು ಎನ್ನುವುದೂ ಅದೇ ಸಾಲಿನಲ್ಲಿದೆ. ಆದರೆ ಲೇಖನ ಇಲ್ಲಿಂದ ಆರಂಭವಾಗಬೇಕು; ಸೇತುವೆ, ಮೆಟ್ಟಿಲು, ಜೈಪುರ ಎಲ್ಲವೂ ಈ ಅಂಗಳದ ಮೂಲಕ ಹಾದುಹೋಗಬೇಕು. ಹಾದುಹೋಗದಿದ್ದರೆ ಬಿಟ್ಟುಬಿಡಿ.

ಒಂದು ಪ್ರಶ್ನೆ. ಅಪ್ಪ ‘ಮೋಡ ಕವಿಯಿತು’ ಎಂದು, ಅಮ್ಮ ಉತ್ತರಿಸದೇ ಇದ್ದ ದಿನವೇನಾದರೂ ನಿಮಗೆ ನೆನಪಿದೆಯೇ? ಇದ್ದರೆ ಅದನ್ನು ಬರೆಯಿರಿ. 1,200 ಪದ ಮೀರಬೇಡಿ. ಮುಂಗಾರು ಸಂಚಿಕೆಗೆ ಪುಟ ಕಟ್ಟುವುದು ಮೇ ಕೊನೆಯ ವಾರ. 20ರೊಳಗೆ ಬಂದರೆ ಚಿತ್ರ ಬರೆಸಲು ಸಮಯ ಸಿಗುತ್ತದೆ.

ಇಂತಿ,
ಸಂಪಾದಕ