ಲೋಹದ ಕೊಕ್ಕೆ, ಕಡ್ಡಿ ಇಲ್ಲದೆ ಪಾಲಿಮರ್ ಕ್ಲೇ ಸರ, ಕಿವಿಯೋಲೆ ಮಾಡಬಹುದಾ?

ಖಂಡಿತ ಮಾಡಬಹುದು. ಪಾಲಿಮರ್ ಕ್ಲೇ ಅಂದರೆ ಮಣ್ಣಿನಂತೆ ನಾದಿ, ಓವನ್‌ನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್. ನಿಕಲ್ ತಾಗಿದರೆ ಕಿವಿ, ಕತ್ತು ಕೆರೆಯುತ್ತದೆ, ಚೂರೂ ಲೋಹ ಬೇಡ ಅಂತ ಬರೆದಿದ್ದೀರಿ. ನನ್ನ ತಂಗಿಗೂ ಇದೇ ತೊಂದರೆ. ಅವಳಿಗೋಸ್ಕರವೇ ನಾನು ಬಾಗಲಕೋಟೆಯಲ್ಲಿ ಮನೆಯಲ್ಲೇ ಇವನ್ನು ಮಾಡುತ್ತೇನೆ. ಸರ ಸುಲಭ, ಕಿವಿಯದ್ದೇ ಕೆಲಸ ಜಾಸ್ತಿ.

ಸರಕ್ಕೆ ಕೊಕ್ಕೆ ಯಾಕೆ ಹೇಳಿ? ನಮ್ಮ ಕಡೆ ಪಟವೇಗಾರರು ಬಂಗಾರದ ಗುಂಡು, ಹವಳ ಎಲ್ಲಾ ದಾರದಲ್ಲೇ ಪೋಣಿಸಿ ಜಾರುವ ಗಂಟು ಹಾಕಿ ಕೊಡುತ್ತಾರಲ್ವಾ, ಅದೇ ಸಾಕು. ದಾರದ ಎರಡು ತುದಿಗಳನ್ನು ಎದುರುಬದುರಾಗಿ ಒಂದರ ಪಕ್ಕ ಒಂದು ಇಡಿ. ಈ ತುದಿಯಿಂದ ಆ ದಾರದ ಸುತ್ತ, ಆ ತುದಿಯಿಂದ ಈ ದಾರದ ಸುತ್ತ ಗಂಟು ಕಟ್ಟಿ. ಗಂಟುಗಳನ್ನು ದೂರ ಸರಿಸಿದರೆ ಸರ ಗಿಡ್ಡ ಆಗುತ್ತದೆ, ಹತ್ತಿರ ತಂದರೆ ಉದ್ದ. ಇನ್ನೂ ಚಂದ ಬೇಕಾದರೆ ಒಂದು ತುದಿಗೆ ಕ್ಲೇಯಿಂದಲೇ ಮಾಡಿದ ಗುಂಡಿ, ಇನ್ನೊಂದಕ್ಕೆ ದಾರದ ಕುಣಿಕೆ ಇಡಿ. ಇಳಕಲ್ ಸೀರೆಯ ಕೆಂಪು ಬಣ್ಣದ ರೇಷ್ಮೆ ದಾರದಲ್ಲಿ ಕಪ್ಪು ಮಣಿ ಪೋಣಿಸಿದರೆ ಎಷ್ಟು ಚಂದ ಕಾಣುತ್ತೆ ಗೊತ್ತಾ!

ಆದರೆ ದಾರ ಯಾವುದು ಅಂತ ಮೊದಲೇ ಗೊತ್ತುಮಾಡಿ, ಅದಕ್ಕೆ ತಕ್ಕ ಹಾಗೆ ತೂತು ಮಾಡಿ. ಹಸಿ ಇರುವಾಗಲೇ ಟೂತ್‌ಪಿಕ್ ತಿರುಗಿಸುತ್ತಾ ಚುಚ್ಚಿ, ಆ ಕಡೆಯಿಂದಲೂ ಒಮ್ಮೆ ಚುಚ್ಚಿದರೆ ಬಾಯಿ ಹರಿಯಲ್ಲ. ಬೇಯಿಸಿದ ಮೇಲೆ ತೂತಿನ ಅಂಚನ್ನು ಸ್ಯಾಂಡ್‌ಪೇಪರ್‌ನಿಂದ ನೀರು ಹಚ್ಚಿ ಉಜ್ಜಿ. ಚೂಪಾದ ಅಂಚು ಇದ್ದರೆ ದಾರ ಸವೆದು ಸರ ಕಡಿದು ಹೋಗುತ್ತದೆ, ಮಣಿ ಎಲ್ಲಾ ನೆಲದ ಪಾಲು.

ಕಿವಿಯೋಲೆಗೆ ಕಡ್ಡಿಯನ್ನೂ ಕ್ಲೇಯಲ್ಲೇ ಮಾಡಲು ಹೋಗಬೇಡಿ. ಅಷ್ಟು ಸಣ್ಣಗೆ ಮಾಡಿದರೆ ಮುರಿಯುತ್ತದೆ, ಮುರಿದ ತುಂಡು ಕಿವಿಯಲ್ಲೇ ಉಳಿದರೆ ಕಷ್ಟ. ಹಳ್ಳಿಗಳಲ್ಲಿ ಕಿವಿ ಚುಚ್ಚಿಸಿದ ಮೇಲೆ ಬೇವಿನ ಕಡ್ಡಿ ಇಡುತ್ತಾರೆ, ಆದರೆ ಓಲೆಯ ಭಾರಕ್ಕೆ ಅದು ಆಗಲ್ಲ. ಪ್ಲಾಸ್ಟಿಕ್ ಕಡ್ಡಿ ಕೊಂಡುಕೊಳ್ಳಿ. ಅದರ ಚಪ್ಪಟೆ ತಲೆಯನ್ನು ಹಸಿ ಕ್ಲೇಗೆ ಒತ್ತಿ ಗುಳಿ ಮಾಡಿ, ಕಡ್ಡಿ ತೆಗೆದು ಬೇಯಿಸಿ, ಆರಿದ ಮೇಲೆ ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟಿನಿಂದ ಆ ಗುಳಿಯಲ್ಲೇ ಕೂರಿಸಿ. ಕಡ್ಡಿ ಸಮೇತ ಓವನ್‌ಗೆ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುವ ಭಯ. ಓಲೆ 2-3 ಮಿಮೀ ದಪ್ಪ ಸಾಕು, ಹಗುರ ಇರಲಿ.

ಬೇಯಿಸುವುದು ಸರಿಯಾಗಲೇಬೇಕು, ಲೋಹದ ಆಧಾರ ಇಲ್ಲವಲ್ಲ. ಪ್ಯಾಕೆಟ್ ಮೇಲಿನ ಶಾಖವನ್ನೇ ನಂಬಿ. ಫಿಮೋ ಎಂಬ ಬ್ರ್ಯಾಂಡ್‌ನ ಕ್ಲೇಗೆ 110 ಡಿಗ್ರಿ ಸೆಲ್ಸಿಯಸ್, 30 ನಿಮಿಷ. ಓವನ್ ಒಳಗೆ ಬೇರೆ ಥರ್ಮಾಮೀಟರ್ ಇಡಿ, ಓವನ್‌ನ ಗುಂಡಿ ತೋರಿಸುವುದು ಎಷ್ಟೋ ಸಲ ಸುಳ್ಳು. ಕಡಿಮೆ ಬೆಂದರೆ ಪಟ್ಟನೆ ಮುರಿಯುತ್ತದೆ, ಜಾಸ್ತಿಯಾಗಿ ಸುಟ್ಟರೆ ಕೆಟ್ಟ ಹೊಗೆ ಬರುತ್ತದೆ, ಕಿಟಕಿ ತೆಗೆದಿಡಿ. ಮೈಕ್ರೋವೇವ್ ಬೇಡವೇ ಬೇಡ.

ನಮ್ಮ ಬೇಸಿಗೆಯಲ್ಲಿ ಹಸಿ ಕ್ಲೇಯನ್ನು ಹೊರಗೆ ಇಡಬೇಡಿ, ಬಿಸಿಗೆ ತಾನೇ ಅರೆಬರೆ ಗಟ್ಟಿಯಾಗಿ ನಾದಿದರೆ ಪುಡಿಪುಡಿ ಆಗುತ್ತೆ. ಕವರ್ ಸುತ್ತಿ ಫ್ರಿಜ್‌ನಲ್ಲಿಡಿ.