ಒತ್ತೆ ಸಾಲದ ಕಾನೂನು ತಿದ್ದಿದರೆ ಖರ್ಚು ಯಾರಿಗೆ?

ಪ್ರಶ್ನೆ: ಅಮೆರಿಕದಲ್ಲಿ ನನ್ನ ಹೆಸರಲ್ಲೇ ಒಂದು ಸಣ್ಣ ಬೇಕರಿ ನಡೆಸುತ್ತಿದ್ದೇನೆ. ಓವನ್, ಮಿಕ್ಸರ್ ಎಲ್ಲ ಒತ್ತೆ ಇಟ್ಟು ಬ್ಯಾಂಕಿನಲ್ಲಿ ಸಾಲ ಮಾಡಿದ್ದೇನೆ. ಇಂಥ ಸಾಲಗಳ ಕಾನೂನು ತಿದ್ದಲು ನಮ್ಮ ರಾಜ್ಯದಲ್ಲಿ ಮಸೂದೆ ಬಂದಿದೆ. ಅದರ ಜೊತೆಗಿರುವ ಫಿಸ್ಕಲ್ ನೋಟ್‌ನಲ್ಲಿ (ಮಸೂದೆಯಿಂದ ಸರ್ಕಾರಕ್ಕೆ ಎಷ್ಟು ಖರ್ಚು ಅಂತ ಹೇಳುವ ಟಿಪ್ಪಣಿ) ಬಜೆಟ್‌ಗೆ ಹೇಳಿಕೊಳ್ಳುವಂಥ ಹೊರೆ ಇಲ್ಲ ಅಂತ ಬರೆದಿದ್ದಾರೆ. ಇಷ್ಟು ದೊಡ್ಡ ಕಾನೂನು ಬದಲಾದರೂ ಖರ್ಚಿಲ್ಲ ಅಂದರೆ ಹೇಗೆ? ನನಗೇನಾದರೂ ತಗಲುತ್ತದಾ?

ಉತ್ತರ: ನೋಟ್‌ನಲ್ಲಿ ಬರೆದಿದ್ದನ್ನು ನಂಬಬಹುದು ಮೇಡಂ. ಆದರೆ ಅದು ಬರೀ ಸರ್ಕಾರದ ಬೊಕ್ಕಸದ ಲೆಕ್ಕ, ನಿಮ್ಮ ಗಲ್ಲಾಪೆಟ್ಟಿಗೆಯ ಲೆಕ್ಕ ಅದರಲ್ಲಿ ಬರುವುದಿಲ್ಲ.

ಇದು ಯೂನಿಫಾರ್ಮ್ ಕಮರ್ಷಿಯಲ್ ಕೋಡ್, ಅಂದರೆ ಅಮೆರಿಕದ ರಾಜ್ಯಗಳು ಅಳವಡಿಸಿಕೊಂಡಿರುವ ಮಾದರಿ ವ್ಯಾಪಾರ ಕಾನೂನಿನ 9ನೇ ವಿಧಿಯ ವಿಷಯ. ನೀವು ಸಾಲ ಮಾಡಿದಾಗ ನಿಮ್ಮ ಓವನ್ ಮೇಲೆ ತನಗೆ ಹಕ್ಕಿದೆ ಅಂತ ಬ್ಯಾಂಕ್ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ (ಇಂಥ ದಾಖಲೆ ಇಡುವ ರಾಜ್ಯದ ಕಚೇರಿ) ಒಂದು ಫಾರಂ ದಾಖಲಿಸಿರುತ್ತದೆ. ನಮ್ಮೂರಲ್ಲಿ ಬೈಕ್ ಸಾಲಕ್ಕೆ ಆರ್‌ಸಿ ಮೇಲೆ ಬ್ಯಾಂಕಿನ ಹೆಸರು ಹಾಕುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಈ ದಾಖಲೆ ಸಾಮಾನ್ಯವಾಗಿ 5 ವರ್ಷ ನಡೆಯುತ್ತದೆ, ಆಮೇಲೆ ಮುಂದುವರಿಸಬೇಕು. ಕಚೇರಿ ಮೊದಲಿನಿಂದಲೂ ಇದೆ, ಸಿಬ್ಬಂದಿ ಇದ್ದಾರೆ, ದಾಖಲಿಸುವವರು ಶುಲ್ಕ ಕಟ್ಟುತ್ತಾರೆ. ಹಾಗಾಗಿ ತಿದ್ದುಪಡಿ ಬಂದಾಗ ಫಾರಂ ಬದಲಿಸಬೇಕು, ಸಾಫ್ಟ್‌ವೇರ್ ಸರಿ ಮಾಡಬೇಕು, ಸಿಬ್ಬಂದಿಗೆ ಹೇಳಿಕೊಡಬೇಕು, ಇಷ್ಟೇ. ಈಗ ರಾಜ್ಯಗಳಲ್ಲಿ ಓಡಾಡುತ್ತಿರುವ 2022ರ ತಿದ್ದುಪಡಿ ಮುಖ್ಯವಾಗಿ ಕ್ರಿಪ್ಟೋದಂಥ ಡಿಜಿಟಲ್ ಆಸ್ತಿಯನ್ನು ಒತ್ತೆ ಇಡುವುದರ ಬಗ್ಗೆ. ಅಲ್ಲಿ ಆಸ್ತಿ ಸಾಲ ಕೊಟ್ಟವರ ಹಿಡಿತದಲ್ಲಿದ್ದರೆ ಫಾರಂ ಹಾಕದೆಯೂ ಹಕ್ಕು ಗಟ್ಟಿಯಾಗುತ್ತದೆ, ಕಚೇರಿಗೆ ಜಾಸ್ತಿ ಕೆಲಸ ಬೀಳುವುದಿಲ್ಲ.

ಆದರೆ ಯಾವಾಗಲೂ ಹೀಗೇ ಅಂತಲ್ಲ. 2001ರ ಜುಲೈ 1ರಿಂದ ಬಹುತೇಕ ಕಡೆ ಜಾರಿಗೆ ಬಂದ ಇದೇ 9ನೇ ವಿಧಿಯ ದೊಡ್ಡ ಬದಲಾವಣೆ ದುಡ್ಡು ಸೇರುವ ಜಾಗವನ್ನೇ ಬದಲಿಸಿತು. ಅದಕ್ಕೆ ಮುಂಚೆ ಎಷ್ಟೋ ರಾಜ್ಯಗಳಲ್ಲಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಗಳಲ್ಲೂ ದಾಖಲಿಸಬೇಕಿತ್ತು, ಆ ಶುಲ್ಕ ಕೌಂಟಿಗೆ ಹೋಗುತ್ತಿತ್ತು. ಆಮೇಲೆ ಹೆಚ್ಚಿನದೆಲ್ಲ ರಾಜ್ಯದ ಕಚೇರಿಗೆ ಬಂತು. ಕಂಪನಿಗಳ ವಿಷಯದಲ್ಲಂತೂ ಕಂಪನಿ ಯಾವ ರಾಜ್ಯದಲ್ಲಿ ನೋಂದಣಿಯಾಗಿದೆಯೋ ಅಲ್ಲಿ ದಾಖಲಿಸಬೇಕು ಅಂತಾಯಿತು. ಅಂಗಡಿ ಎಲ್ಲೇ ಇರಲಿ, ಕಂಪನಿ ಡೆಲವೇರ್ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಶುಲ್ಕವೂ ಡೆಲವೇರ್‌ಗೇ. ಇಂಥ ತಿದ್ದುಪಡಿ ಬಂದಾಗ ಫಿಸ್ಕಲ್ ನೋಟ್‌ನಲ್ಲಿ ಕೌಂಟಿಗಳ ಬಗ್ಗೆ ಬರೆದಿರುವುದನ್ನೂ ಬಿಡದೆ ಓದಬೇಕು.

ಇನ್ನು ನಿಮ್ಮ ಖರ್ಚು. ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದು ಇದನ್ನೇ. 2010ರಲ್ಲಿ ಬಂದು 2013ರ ಜುಲೈನಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಜಾರಿಯಾದ ತಿದ್ದುಪಡಿಯ ಪ್ರಕಾರ, ಸಾಲಗಾರರು ವ್ಯಕ್ತಿಯಾಗಿದ್ದರೆ ಬಹುಪಾಲು ಕಡೆ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇದ್ದ ಹಾಗೇ ಹೆಸರು ಬರೆಯಬೇಕು. ನಮ್ಮವರಿಗೆ ಇದು ತಲೆನೋವು. ಇನಿಶಿಯಲ್ ಬಿಡಿಸಿದಾಗ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿಬಿಟ್ಟಿರುತ್ತದೆ, ಬ್ಯಾಂಕಿನಲ್ಲಿ ಒಂದು ಹೆಸರು, ಲೈಸೆನ್ಸ್‌ನಲ್ಲಿ ಇನ್ನೊಂದು. ಸರಿಯಾದ ಹೆಸರು ಹಾಕಿ ಹುಡುಕಿದಾಗ ದಾಖಲೆ ಸಿಗದಿದ್ದರೆ ಬ್ಯಾಂಕಿನ ಹಕ್ಕು ಕುಸಿಯುತ್ತದೆ. ಆಗ ಕಾಗದಪತ್ರ ಮತ್ತೆ ಮಾಡಿಸುವ ಖರ್ಚು ಎಷ್ಟೋ ಕರಾರುಗಳಲ್ಲಿ ಸಾಲಗಾರರ ತಲೆಗೇ ಬರುತ್ತದೆ. ಮದುವೆಯಾಗಿಯೋ ಲೈಸೆನ್ಸ್ ನವೀಕರಿಸಿಯೋ ಹೆಸರು ಬದಲಾದರೆ ಬ್ಯಾಂಕಿಗೆ ಸರಿಪಡಿಸಲು 4 ತಿಂಗಳು ಸಮಯವಿದೆ. ಅಷ್ಟರಲ್ಲಿ ಮಾಡದಿದ್ದರೆ, ಆ ಗಡುವಿನ ನಂತರ ನೀವು ಕೊಂಡ ಸಾಮಾನಿನ ಮೇಲೆ ಹಳೇ ದಾಖಲೆ ನಡೆಯದೇ ಹೋಗಬಹುದು.

ಆದ್ದರಿಂದ ಲೈಸೆನ್ಸ್ ಎದುರಿಗಿಟ್ಟುಕೊಂಡು, ಅದರಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಸೆಕ್ರೆಟರಿ ಆಫ್ ಸ್ಟೇಟ್ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ನಿಮ್ಮ ಓವನ್ ಸಾಲ ಅಲ್ಲಿ ಕಾಣದಿದ್ದರೆ ಬ್ಯಾಂಕಿನವರಿಗೆ ಫೋನ್ ಮಾಡಿ.