ಸಂಪಾದಕರ ಉತ್ತರ: ಆ ಉಸಿರು ಎಲ್ಲಿ ಹೋಯಿತು?

ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ತಮ್ಮ ಹೆಸರೂ ಬೇಡ, ತಮ್ಮ ಮೆಚ್ಚಿನ ಗಾಯಕಿಯ ಹೆಸರೂ ಬೇಡ, ಈಗಾಗಲೇ ಸಾಕಷ್ಟು ಜಗಳ ಆಗಿದೆ ಎಂದಿದ್ದಾರೆ. ಪತ್ರದ ಸಾರ ಇಷ್ಟು:

"ಹದಿನೈದು ವರ್ಷದಿಂದ ಅವರ ಹಾಡು ಕೇಳುತ್ತಿದ್ದೇನೆ. ಒಂದು ಗಿಟಾರ್, ಒಂದು ದನಿ, ಅಷ್ಟೇ ಇರುತ್ತಿತ್ತು. ಹೊಸ ಆಲ್ಬಮ್‌ನಲ್ಲಿ ಗಿಟಾರೇ ಇಲ್ಲ. ಬರೀ ಸಿಂಥ್ ಎಂಬ ಎಲೆಕ್ಟ್ರಾನಿಕ್ ವಾದ್ಯ, ಮಷೀನಿನ ಬೀಟ್. ಹಾಡಿಗೆ ಆತ್ಮವೇ ಇಲ್ಲ. ದುಡ್ಡಿಗೆ ಮಾರಿಕೊಂಡರು ಅನಿಸುತ್ತಿದೆ. ನಮ್ಮ ಅಭಿಮಾನಿ ಬಳಗ ಎರಡು ಹೋಳಾಗಿದೆ. ಇಷ್ಟವಾಗಲಿಲ್ಲ ಎಂದರೆ 'ಡಿಲನ್‌ಗೂ ಹೀಗೇ ಕೂಗಿದ್ದರು, ನಿಮಗೆ ಅರ್ಥ ಆಗಲ್ಲ ಬಿಡಿ' ಅಂತಾರೆ. ನಿಮ್ಮ ಪತ್ರಿಕೆಯೂ ಹೊಗಳಿಯೇ ಬರೆಯಿತು. ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಟಿಕೆಟ್ ಮೊದಲೇ ತೆಗೆದಿಟ್ಟಿದ್ದೆ. ಹೋಗಲೋ ಬೇಡವೋ?"

ಪ್ರಿಯ ಓದುಗರೇ,

ಮೊದಲು ನಮ್ಮ ಮೇಲಿನ ದೂರು. ಆ ವಿಮರ್ಶೆ ಬರೆದವರಿಗೆ ಆಲ್ಬಮ್ ನಿಜಕ್ಕೂ ಇಷ್ಟವಾಗಿತ್ತು. ನನಗೆ ಅಷ್ಟೇನೂ ಆಗಿರಲಿಲ್ಲ. ಹಾಗಂತ ಅವರ ಬರಹಕ್ಕೆ ನಾನು ಕೈ ಹಾಕಲಿಲ್ಲ. ಅವರ ಕಿವಿ ಅವರದು. ಒಂದೇ ಕಚೇರಿಯಲ್ಲಿ, ಎದುರುಬದುರು ಮೇಜಿನಲ್ಲಿ ಕೂತವರಿಗೇ ಒಮ್ಮತ ಇಲ್ಲ ಎಂದಮೇಲೆ ನಿಮ್ಮ ಬಳಗ ಎರಡು ಹೋಳಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ ಬಿಡಿ.

ಇನ್ನು ಡಿಲನ್, ಗಿಟಾರ್ ಹಿಡಿದು ಜಾನಪದ ಧಾಟಿಯಲ್ಲಿ ಹಾಡಿ ಹೆಸರಾದ ಅಮೆರಿಕದ ಗಾಯಕ. ಈ ವಾದ ಕೇಳಿ ಕೇಳಿ ನನಗೂ ಸಾಕಾಗಿದೆ. 1966ರ ಮೇ 17ರಂದು ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ ಸಭಿಕರ ನಡುವಿನಿಂದ ಒಬ್ಬ 'ಜೂಡಾಸ್!' ಎಂದು ಕೂಗಿದ್ದು ನಿಜ. ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರು ಅದು. ಆ ರಾತ್ರಿ ಮೊದಲ ಅರ್ಧ ಬಾಬ್ ಡಿಲನ್ ಒಬ್ಬರೇ ಗಿಟಾರ್ ಹಿಡಿದು ಹಾಡಿದ್ದರು, ಜನ ಸದ್ದಿಲ್ಲದೆ ಕೇಳಿದ್ದರು. ಎರಡನೇ ಅರ್ಧಕ್ಕೆ ಬ್ಯಾಂಡ್ ಬಂತು, ಎಲೆಕ್ಟ್ರಿಕ್ ಗಿಟಾರ್ ಬಂತು, ಗದ್ದಲವೂ ಬಂತು. ಅದಕ್ಕೂ ಹಿಂದಿನ ವರ್ಷ ಜುಲೈ 25ಕ್ಕೆ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಇದೇ ಆಗಿತ್ತು. ಅಲ್ಲಿ ಜನ ಕೂಗಿದ್ದು ಎಲೆಕ್ಟ್ರಿಕ್ ಗಿಟಾರಿಗೋ, ಸೌಂಡ್ ಸರಿಯಿಲ್ಲದ್ದಕ್ಕೋ, ಬ್ಯಾಂಡ್ ಜೊತೆ ಮೂರೇ ಹಾಡು ಹಾಡಿ ವೇದಿಕೆ ಇಳಿದದ್ದಕ್ಕೋ ಎಂದು ಇವತ್ತಿಗೂ ವಾದ ನಡೆಯುತ್ತಿದೆ.

ಇರಲಿ. ಡಿಲನ್ ಗೆದ್ದರು. ಆದರೆ ಕೂಗಿಸಿಕೊಂಡವರೆಲ್ಲ ಡಿಲನ್ ಆಗಲಿಲ್ಲ, ಅಲ್ವಾ? ದಾರಿ ಬದಲಿಸಿ, ಬೈಸಿಕೊಂಡು, ಆಮೇಲೆ ಹೇಳಹೆಸರಿಲ್ಲದೆ ಹೋದವರು ಎಷ್ಟು ಮಂದಿಯೋ. ಅವರ ಹೆಸರು ಉದಾಹರಣೆಗೆ ಸಿಗುವುದಿಲ್ಲ, ಯಾಕಂದರೆ ಅವರನ್ನು ಮರೆತಿದ್ದೇವೆ. ಹಾಗಾಗಿ ನಿಮ್ಮ ಸ್ನೇಹಿತರ ಮಾತು ಏನನ್ನೂ ಸಾಬೀತು ಮಾಡುವುದಿಲ್ಲ. ಬದಲಾದದ್ದೆಲ್ಲ ಬೆಳೆದದ್ದು ಎಂದು ಒಪ್ಪಬೇಕಿಲ್ಲ. ನಿಮಗೆ ಇಷ್ಟವಾಗಲಿಲ್ಲವೇ? ಆಗಲಿಲ್ಲ. ಅದಕ್ಕೆ ಯಾರ ಅನುಮತಿಯೂ ಬೇಡ.

ನನ್ನ ತಕರಾರು ಇರುವುದು ನಿಮ್ಮ ಇನ್ನೊಂದು ಮಾತಿನ ಮೇಲೆ. 'ಮಾರಿಕೊಂಡರು' ಎಂದಿರಲ್ಲ, ಅದು. ಅದು ನಿಮಗೆ ಹೇಗೆ ಗೊತ್ತಾಯಿತು? ಹಾಡು ಕೇಳಿ ಗೊತ್ತಾಗುವ ಸಂಗತಿ ಅದಲ್ಲ.

ಕೆನಡಾದ ರಾಕ್ ಗಾಯಕ ನೀಲ್ ಯಂಗ್ ಅವರ ಕಥೆ ಹೇಳುತ್ತೇನೆ. ಎಂಬತ್ತರ ದಶಕದ ಆರಂಭದಲ್ಲಿ ಅವರು 'ಟ್ರಾನ್ಸ್' ಎಂಬ ಆಲ್ಬಮ್ ತಂದರು. ಗಿಟಾರ್ ಮತ್ತು ಹಾರ್ಮೋನಿಕಾಕ್ಕೆ ಹೆಸರಾದ ಮನುಷ್ಯ ಇದ್ದಕ್ಕಿದ್ದಂತೆ ವೋಕೋಡರ್ ಎಂಬ ಯಂತ್ರದ ಮೂಲಕ, ರೋಬೋಟ್ ಥರ ಹಾಡಿದ್ದರು. ಅಭಿಮಾನಿಗಳು ಕಕ್ಕಾಬಿಕ್ಕಿ. ಹೊಸ ಫ್ಯಾಷನ್ನಿನ ಬೆನ್ನು ಹತ್ತಿದ್ದಾರೆ ಎಂದುಕೊಂಡವರೂ ಇದ್ದರು. ಅದರ ಹಿಂದೆಯೇ ಹಳೆಯ ಐವತ್ತರ ದಶಕದ ರಾಕ್ ಅಂಡ್ ರೋಲ್ ಶೈಲಿಯ ಇನ್ನೊಂದು ಆಲ್ಬಮ್ ಬಂತು. 1983ರಲ್ಲಿ ಅವರ ಆಲ್ಬಮ್ ಹೊರತರುತ್ತಿದ್ದ ಕಂಪನಿ ಗೆಫೆನ್ ರೆಕಾರ್ಡ್ಸ್ ಅವರ ಮೇಲೇ ಮೊಕದ್ದಮೆ ಹೂಡಿತು, ಮೂವತ್ತಮೂರು ಲಕ್ಷ ಡಾಲರಿಗೆ. ಆರೋಪ ಏನು ಗೊತ್ತೇ? ಈ ಸಂಗೀತ ನೀಲ್ ಯಂಗ್ ಅವರ ಸಂಗೀತದ ಹಾಗಿಲ್ಲ, ಮಾರಾಟವಾಗುವಂಥದ್ದೂ ಅಲ್ಲ ಎಂದು! ಅಂದರೆ ನೀವು ಪತ್ರದಲ್ಲಿ ಹೇಳಿದ್ದರ ಅರ್ಧ ಭಾಗವನ್ನು ಆ ಕಂಪನಿ ಕೋರ್ಟಿನಲ್ಲಿ ಹೇಳಿತ್ತು. ಇನ್ನರ್ಧ ಮಾತ್ರ ತದ್ವಿರುದ್ಧ.

ಆ ಯಂತ್ರದ ದನಿ ಯಾಕೆ ಎಂಬುದು ತಡವಾಗಿ ಗೊತ್ತಾಯಿತು. ಅವರ ಪುಟ್ಟ ಮಗನಿಗೆ ಸೆರೆಬ್ರಲ್ ಪಾಲ್ಸಿ. ಮಾತು ಬರುತ್ತಿರಲಿಲ್ಲ. ಮಗುವಿನ ಜೊತೆ ಮಾತಾಡಲು ತಂದೆ ಪಡುತ್ತಿದ್ದ ಪಾಡು ಆ ಹಾಡುಗಳಲ್ಲಿತ್ತು. ಕೇಳುವವರಿಗೆ ಮಾತು ಅರ್ಥವಾಗದಿದ್ದದ್ದೇ ಅದರ ಅರ್ಥವಾಗಿತ್ತು. ಇದನ್ನು ತಿಳಿದ ಮೇಲೂ ನನಗೆ ಆ ಆಲ್ಬಮ್ ಪೂರ್ತಿ ಕೇಳಲು ಆಗುವುದಿಲ್ಲ. ಒಳ್ಳೆಯ ಕಾರಣ ಇದ್ದ ಮಾತ್ರಕ್ಕೆ ಹಾಡು ಒಳ್ಳೆಯದಾಗಬೇಕಿಲ್ಲ. ಆದರೆ ಕಾರಣ ಏನೆಂದು ಆಗ ಹೊರಗಿನಿಂದ ಊಹಿಸಿದವರೆಲ್ಲ ಎಡವಿದ್ದರು.

ಇದನ್ನೆಲ್ಲ ಹೇಳಲು ನನಗೇನು ಅರ್ಹತೆ ಎಂದು ಕೇಳಬಹುದು. ಹೆಚ್ಚೇನಿಲ್ಲ. ಇದೇ ತಪ್ಪು ಮಾಡಿದ್ದೇನೆ, ಅದೂ ಅಚ್ಚಿನಲ್ಲಿ. ಬಹಳ ವರ್ಷದ ಹಿಂದೆ ನಾನು ಪ್ರಾಣ ಬಿಡುತ್ತಿದ್ದ ಒಂದು ಬ್ಯಾಂಡ್ ತನ್ನ ಒರಟು ಸೌಂಡ್ ಬಿಟ್ಟು ನುಣುಪಾದದ್ದೇನೋ ಮಾಡಿತು. ನಾನು ಎರಡು ಪುಟ ಬೈದು ಬರೆದೆ. ಓದುಗರಿಂದ ಚಪ್ಪಾಳೆಯೂ ಬಂತು. ಕಳೆದ ವರ್ಷ ಹಳೆಯ ಸಂಚಿಕೆ ಹುಡುಕುವಾಗ ಅದು ಕೈಗೆ ಸಿಕ್ಕಿತು. ಓದಿ ನಾಚಿಕೆಯಾಯಿತು. ಹನ್ನೊಂದು ಪ್ಯಾರಾದಲ್ಲಿ ಸಂಗೀತದ ಬಗ್ಗೆ ಇದ್ದದ್ದು ಎರಡೇ ವಾಕ್ಯ. ಉಳಿದದ್ದೆಲ್ಲ ಅವರ ಹೊಸ ಕೂದಲು, ಹೊಸ ಬಟ್ಟೆ, ಕವರ್ ಫೋಟೋದಲ್ಲಿ ನಗುತ್ತಿದ್ದ ರೀತಿ. ನಗುವುದೂ ಒಂದು ಅಪರಾಧವೇ!

ಆ ಆಲ್ಬಮ್ ಮತ್ತೆ ಹಾಕಿ ಕೇಳಿದೆ. ಈಗ ಇಷ್ಟವಾಯಿತು ಎಂದು ನಾನು ಹೇಳುತ್ತೇನೆ ಎಂದುಕೊಂಡಿರಬಹುದು. ಇಲ್ಲ. ಈಗಲೂ ಇಷ್ಟವಾಗಲಿಲ್ಲ. ಪಲ್ಲವಿಗಳು ಸೊರಗಿವೆ, ಡ್ರಮ್ ಎಲ್ಲ ಹಾಡಿನಲ್ಲೂ ಒಂದೇ ಲೆಕ್ಕದಲ್ಲಿ ಬೀಳುತ್ತದೆ. ಈ ಎರಡು ಮಾತನ್ನು ಅವತ್ತೇ ಬಿಡಿಸಿ ಬರೆದಿದ್ದರೆ ಸಾಕಿತ್ತು.

ಈಗ ನಿಮ್ಮ ಪತ್ರದ ಮೂರನೇ ಪುಟಕ್ಕೆ ಬರುತ್ತೇನೆ. ಉತ್ತರ ಇಷ್ಟು ಉದ್ದ ಆಗುತ್ತಿರುವುದೇ ಆ ಪುಟದಿಂದ. 'ಆತ್ಮ ಇಲ್ಲ' ಎಂಬ ಮಾತಿಗೆ ನಾನು ಏನೂ ಹೇಳಲಾರೆ. ಆತ್ಮವನ್ನು ಅಳೆಯುವ ಕೋಲು ನನ್ನ ಬಳಿ ಇಲ್ಲ. ಆದರೆ ಅದರ ಕೆಳಗೆ ನೀವೇ ಬರೆದಿದ್ದೀರಿ: "ಮೊದಲೆಲ್ಲ ಪ್ರತಿ ಸಾಲಿಗೆ ಮುಂಚೆ ಅವರು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ಮೂರನೇ ಹಾಡಿನಲ್ಲಿ ಎಲ್ಲೂ ಉಸಿರೇ ಇಲ್ಲ. ಇವರು ಯಾವಾಗ ಉಸಿರಾಡಿದರು ಎಂದು ನನಗೇ ಉಸಿರು ಕಟ್ಟಿದಂತಾಯಿತು."

ಇದನ್ನು ಓದಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ನೀವು ಹೇಳಿದ್ದು ಸರಿ. ಇದು ನನಗೂ ಕೇಳಿಸಿರಲಿಲ್ಲ, ಹೊಗಳಿ ಬರೆದವರಿಗೂ ಕೇಳಿಸಿರಲಿಲ್ಲ.

ಆ ಉಸಿರು ಎಲ್ಲಿ ಹೋಯಿತು ಎಂದು ಹೇಳಬಲ್ಲೆ. ಅವರ ಹಳೆಯ ಹಾಡುಗಳನ್ನು ಕೇಳಿದರೆ ಒಂದೇ ಕೋಣೆಯಲ್ಲಿ ಕೂತು, ನುಡಿಸುತ್ತಲೇ ಹಾಡಿದ್ದಾರೆ ಎಂದು ಗೊತ್ತಾಗುತ್ತದೆ. ಹಾಗೆ ರೆಕಾರ್ಡ್ ಮಾಡಿದಾಗ ಗಿಟಾರಿನ ಮುಂದಿನ ಮೈಕಿಗೆ ದನಿ ಸೋರುತ್ತದೆ, ದನಿಯ ಮೈಕಿಗೆ ಗಿಟಾರ್ ಸೋರುತ್ತದೆ. ಎರಡೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ದನಿಯಲ್ಲಿ ಏನಾದರೂ ಕತ್ತರಿಸಿದರೆ ಗಿಟಾರ್ ಜಿಗಿಯುತ್ತದೆ. ಹಾಗಾಗಿ ಉಸಿರು, ಕುರ್ಚಿಯ ಕಿರುಗುಟ್ಟುವಿಕೆ, ತಂತಿಯ ಮೇಲೆ ಬೆರಳು ಜಾರಿದ ಸದ್ದು ಎಲ್ಲ ಹಾಗೇ ಉಳಿಯುತ್ತವೆ.

ಮಷೀನಿನ ಬೀಟ್ ಮೇಲೆ ಹಾಡುವಾಗ ದನಿಯನ್ನು ಬೇರೆಯಾಗಿ ರೆಕಾರ್ಡ್ ಮಾಡುತ್ತಾರೆ. ಒಂದೇ ಸಾಲನ್ನು ಹತ್ತು ಸಲ ಹಾಡಿ, ಒಂದರಿಂದ ಮೊದಲ ಪದ, ಇನ್ನೊಂದರಿಂದ ಎರಡನೇ ಪದ ಎತ್ತಿ ಜೋಡಿಸುವುದೂ ಉಂಟು. ಆಮೇಲೆ ಕಂಪ್ರೆಷನ್. ಅಂದರೆ ಜೋರಾದದ್ದನ್ನು ತಗ್ಗಿಸಿ, ಮೆಲ್ಲಗಿನದ್ದನ್ನು ಎತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು. ಸಿಂಥ್ ಗದ್ದಲದ ನಡುವೆ ದನಿ ಮುಳುಗದಿರಲು ಅದು ಬೇಕು. ಆದರೆ ಮೆಲ್ಲಗಿನದ್ದು ಎದ್ದಾಗ ಉಸಿರೂ ಎದ್ದು ಬುಸುಗುಟ್ಟುತ್ತದೆ. ಆಗ ಮಿಕ್ಸಿಂಗ್ ಮಾಡುವವರು, ಅಂದರೆ ದನಿ, ವಾದ್ಯ ಎಲ್ಲವನ್ನೂ ಹದವಾಗಿ ಬೆರೆಸುವವರು, ಒಂದೊಂದೇ ಉಸಿರನ್ನು ಹುಡುಕಿ ತಗ್ಗಿಸುತ್ತಾರೆ, ಇಲ್ಲವೇ ತೆಗೆದೇ ಹಾಕುತ್ತಾರೆ. ಎಲ್ಲರೂ ಹಾಗೆ ಮಾಡುವುದಿಲ್ಲ. ಸಿಂಥ್ ತುಂಬಿದ ಹಾಡಿನಲ್ಲಿ ಉಸಿರನ್ನು ಬೇಕಂತಲೇ ಉಳಿಸಿಕೊಂಡವರೂ ಇದ್ದಾರೆ. (ಆಟೋಟ್ಯೂನ್ ಎಂದು ನಿಮ್ಮ ಬಳಗದ ಒಬ್ಬರು ಹೇಳಿದರಂತೆ. 1997ರಲ್ಲಿ ಆ ಸಾಫ್ಟ್‌ವೇರ್ ಬಂದಾಗಿನಿಂದ ಎಲ್ಲ ತಪ್ಪನ್ನೂ ಅದರ ತಲೆಗೇ ಕಟ್ಟುವ ರೂಢಿ ಇದೆ. ಅದು ಸ್ವರ ತಿದ್ದುತ್ತದೆ, ಉಸಿರು ನುಂಗುವುದಿಲ್ಲ.)

ನೋಡಿ, ದೂರು ಈಗ ಎಷ್ಟು ಚಿಕ್ಕದಾಯಿತು, ಎಷ್ಟು ಚೂಪಾಯಿತು. ಗಿಟಾರ್ ಬಿಟ್ಟದ್ದೂ ಅಲ್ಲ, ಸಿಂಥ್ ಹಿಡಿದದ್ದೂ ಅಲ್ಲ. ದನಿಯನ್ನು ಜಾಸ್ತಿ ಶುದ್ಧ ಮಾಡಿದ್ದಾರೆ. ಐದನೇ ಹಾಡು ಪರವಾಗಿಲ್ಲ ಎಂದು ನೀವೇ ಬರೆದಿದ್ದೀರಲ್ಲ, ಅದರಲ್ಲಿ ಬೀಟ್ ಇದೆ, ಸಿಂಥ್ ಇದೆ. ಆದರೆ ಕೊನೆಯ ಚರಣಕ್ಕೆ ಮುಂಚೆ ಒಂದು ದೊಡ್ಡ ಉಸಿರು ಇದೆ. ಕೇಳಿ ನೋಡಿ.

ಇನ್ನೊಂದು ವಿಷಯ, ಬೇಗ ಹೇಳಿ ಮುಗಿಸುತ್ತೇನೆ. 'ಹಳೆಯ ದನಿ ಬೇಕು' ಎಂದಿದ್ದೀರಿ. ದನಿ ಹದಿನೈದು ವರ್ಷ ಒಂದೇ ಥರ ಇರುವುದಿಲ್ಲ. ಕೆನಡಾದ ಗಾಯಕಿ ಜೋನಿ ಮಿಚೆಲ್ 'ಬೋತ್ ಸೈಡ್ಸ್ ನೌ' ಹಾಡನ್ನು 1969ರಲ್ಲಿ ತಮ್ಮ ಆಲ್ಬಮ್‌ಗೆ ಹಾಡಿದಾಗ ಅವರಿಗೆ 25 ವರ್ಷ. ಮೇಲಿನ ಸ್ವರಗಳಲ್ಲಿ ಹಕ್ಕಿಯ ಹಾಗೆ ಹಾರಾಡುವ ದನಿ. ಅದೇ ಹಾಡನ್ನು 2000ದಲ್ಲಿ ಆರ್ಕೆಸ್ಟ್ರಾ ಜೊತೆ ಮತ್ತೆ ಹಾಡಿದಾಗ 56. ದನಿ ಎಷ್ಟೋ ಕೆಳಗಿಳಿದಿತ್ತು, ಗಡಸಾಗಿತ್ತು. ಹಳೆಯ ರೀತಿಯಲ್ಲೇ ಹಾಡುತ್ತೇನೆ ಎಂದು ಹಟ ಹಿಡಿದಿದ್ದರೆ ಸೋಲುತ್ತಿದ್ದರು. ನಿಮ್ಮ ಗಾಯಕಿಯ ಹೊಸ ಹಾಡುಗಳೆಲ್ಲ ಕೆಳಗಿನ ಶ್ರುತಿಯಲ್ಲಿವೆ, ಗಮನಿಸಿದಿರಾ? ಇಲ್ಲಿಯೂ ಕಾರಣ ಊಹಿಸಲು ಹೋಗುವುದಿಲ್ಲ. ನನ್ನ ಮಾತು ನನಗೇ ಅನ್ವಯಿಸಬೇಕಲ್ಲ.

'ಐವತ್ತು ಸಲ ಕೇಳಿ, ತಾನಾಗಿ ಇಷ್ಟವಾಗುತ್ತದೆ' ಎಂದೂ ಬಳಗದಲ್ಲಿ ಸಲಹೆ ಕೊಟ್ಟರಂತೆ. ಮತ್ತೆ ಮತ್ತೆ ಎದುರಾದದ್ದು ಸುಮ್ನೆ ಹಿಡಿಸತೊಡಗುತ್ತದೆ ಎಂದು ರಾಬರ್ಟ್ ಝಯಾನ್ಸ್ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲೇ ತೋರಿಸಿದ್ದಾರೆ. ಆದರೆ ಆ ಲೆಕ್ಕದಲ್ಲಿ ಸೋಪಿನ ಜಾಹೀರಾತೂ ಹಿಡಿಸುತ್ತದೆ. ಮೂರು ಸಲ ಕೇಳಿ. ಸಾಕು.

ಕೊನೆಗೆ ಟಿಕೆಟ್. ಹೋಗಿ. ಹಳೆಯ ಹಾಡು ಹಾಡದೇ ಇರಬಹುದು, ಅದಕ್ಕೆ ತಯಾರಾಗಿಯೇ ಹೋಗಿ. ಡಿಲನ್ ಅವರೇ 1979ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಾಲು ಸಾಲು ಕಾರ್ಯಕ್ರಮ ಕೊಟ್ಟಾಗ ಬರೀ ಹೊಸ ಭಕ್ತಿಗೀತೆಗಳನ್ನೇ ಹಾಡಿದರು, ಹಳೆಯದು ಒಂದೂ ಇಲ್ಲ. ಹಿಂದಿರುಗಿ ನೋಡುವುದೇ ಇಲ್ಲ ಎಂಬಂತಿದ್ದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಮಾತ್ರ 1991ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಉತ್ಸವದಲ್ಲಿ ಮೂವತ್ತು ವರ್ಷದ ಹಿಂದಿನ ತಮ್ಮ ಸಂಗೀತವನ್ನು ಮತ್ತೆ ನುಡಿಸಿದರು. ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನಿಮ್ಮ ಪಾಲಿಗೆ ಯಾವುದು ಬರುತ್ತದೋ ಗೊತ್ತಿಲ್ಲ. ಒಂದಂತೂ ಖಂಡಿತ: ವೇದಿಕೆಯ ಮೇಲೆ ಯಾರೂ ಉಸಿರನ್ನು ಕತ್ತರಿಸಿ ತೆಗೆಯಲಾರರು. ಮೂರನೇ ಹಾಡನ್ನು ಅವರು ಹಾಡಿದರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಕಿವಿಗೊಡಿ.

ಒಂದು ಕೋರಿಕೆ ಇದೆ. ಆ ಮೂರನೇ ಪುಟವನ್ನು, ಅದೊಂದನ್ನೇ, ಮುಂದಿನ ಸಂಚಿಕೆಯಲ್ಲಿ ನಮ್ಮ ವಿಮರ್ಶೆಗೆ ಉತ್ತರ ಎಂದು ಹಾಕಬಹುದೇ? ಹೆಸರು ಬೇಡ ಎಂದರೆ ಬೇಡ. 'ಮಾರಿಕೊಂಡರು' ಎಂಬ ಸಾಲು ಇರುವುದು ಎರಡನೇ ಪುಟದಲ್ಲಿ, ಅದನ್ನು ನಿಮಗೇ ವಾಪಸ್ ಕಳಿಸುತ್ತಿದ್ದೇನೆ. ಕಾರ್ಯಕ್ರಮ ಮುಗಿಸಿ ಬಂದಮೇಲೆ ಬರೆಯಿರಿ. ಈ ತಿಂಗಳ 20ಕ್ಕೆ ಪುಟಗಳು ಅಚ್ಚಿಗೆ ಹೋಗುತ್ತವೆ, ಅಷ್ಟರೊಳಗೆ ಒಪ್ಪಿಗೆಯ ಒಂದು ಸಾಲು ಬಂದರೆ ಸಾಕು.

ಸಂಪಾದಕ